ಅಕ್ಕು ಇಲ್ಲದ ವೈಫೈ

ಅಹ್ಮದ್ ಕುಂಞಿ ಬಂದು ಫೆಲ್ಸಿ ಬಾಯಿಯ ಬಾಗಿಲು ತಟ್ಟಿದಾಗ ಅವರ ಸೊಂಟದಲ್ಲಿ ಕೀಗೊಂಚಲು ಇರಲಿಲ್ಲ. ಗಲ್ಫಿನ ಅಲ್ ರೀಮ್ ಐಲ್ಯಾಂಡಿನ ಆ ಟವರಿಗೆ ಹನ್ನೆರಡು ವರ್ಷದಿಂದ ವಾಚ್‌ಮನ್ ಆಗಿದ್ದವರು, ಕೀ ಇಲ್ಲದೆ ಅರ್ಧ ಮೀಸೆ ಬೋಳಿಸಿದವರಂತೆ ಕಂಡರು.

"ನಾಳೆ ಬೆಳಿಗ್ಗೆ ಖಲಾಸ್, ಬಾಯಿ. ವೀಸಾ ಕ್ಯಾನ್ಸಲ್ ಅಂತೆ. ಕದ್ದದ್ದು ನಾನಂತೆ."

ಫೆಲ್ಸಿ ಬಾಯಿ ಆಸ್ಪತ್ರೆಯಲ್ಲಿ ನರ್ಸ್. ಯಾರ ಜ್ವರ ನಿಜದ್ದು, ಯಾರದ್ದು ರಜೆಗೆಂದು ಬಂದದ್ದು ಎಂದು ಮುಖ ನೋಡಿಯೇ ಹೇಳುವವರು. ಹನ್ನೊಂದನೇ ಮಹಡಿಯಲ್ಲಿ ಏನು ಕಳೆದರೂ ದೂರು ಮೊದಲು ಬರುತ್ತಿದ್ದುದು ಅವರ ಸೋಫಾಕ್ಕೆ. ಎದುರು ಫ್ಲಾಟಿನ ಕಾಲೇಜು ಹುಡುಗಿ ಅಶ್ಮಿತಾ ಕರೆಯದಿದ್ದರೂ ಆ ಸೋಫಾದ ತುದಿಯಲ್ಲಿ ಹಾಜರಿರುತ್ತಿದ್ದಳು.

ಆಗಸ್ಟ್ ತಿಂಗಳು. ಮಹಡಿಯ ಮೂರು ಮನೆಯವರು, ಥಾಮಸ್, ಶರ್ವಿನ್ ಮತ್ತು ಸ್ವೀಡಲ್, ಊರಿಗೆ ಹೋಗಿದ್ದರು. ಥಾಮಸ್ ಮತ್ತು ಶರ್ವಿನ್ ಮನೆಗಳಿಂದ ವಾಚು, ಲ್ಯಾಪ್‌ಟಾಪು, ಒಂದು ಜತೆ ಬಂಗಾರದ ಬಳೆ ಮಾಯವಾಗಿದ್ದವು. ಬೀಗ ಒಡೆದಿರಲಿಲ್ಲ. ಆಮೇಲೆ ಕಳ್ಳ ನುಗ್ಗಿದ್ದು ಅಶ್ಮಿತಾಳ ಮನೆಗೇ. ನಿನ್ನೆ ಮಧ್ಯಾಹ್ನ ಯಾರೋ ಕೀ ತಿರುಗಿಸಿ ಬಾಗಿಲು ತೆರೆದರೆ, ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿ ಅಕ್ಕು ಒಳಗೆ ನೀರುಳ್ಳಿ ಬಜೆ ಕರಿಯುತ್ತಿದ್ದರು. "ಏರ್?" ಎಂದು ಅವರು ತುಳುವಿನಲ್ಲಿ ಯಾರೆಂದು ಗದರಿ ಕೇಳಿದ್ದೇ ತಡ, ಬಂದವನು ಕಾಲಿಗೆ ಬುದ್ಧಿ ಹೇಳಿದ. ಅಜ್ಜಿ ಹೊರಗಿಣುಕುವಷ್ಟರಲ್ಲಿ ಕಾರಿಡಾರ್ ಖಾಲಿ. ಅಲ್ಲಿನ ಕ್ಯಾಮೆರಾ ಕೆಟ್ಟು ಎರಡು ವಾರವಾಗಿತ್ತು.

ಮಹಡಿಯ ಎಲ್ಲ ಕೀಗಳು ಮೂವರ ಕೈಗೆ ಎಟಕುತ್ತಿದ್ದವು. ಒಬ್ಬರು ಕುಂಞಿ, ಕಾಸರಗೋಡಿನವರು, ಅಕ್ಕು ಜೊತೆ ದಿನಾ ತುಳುವಿನಲ್ಲಿ ಮೀನಿನ ರೇಟು ಮಾತಾಡುವವರು. ಇನ್ನೊಬ್ಬರು ನೆವಿಲ್, ಮಹಡಿಯವರೆಲ್ಲ ಒಂದೊಂದು ಕೀ ಕೊಟ್ಟಿಟ್ಟ ಮಂಗಳೂರಿನ ಕೊಂಕಣಿ ಹಿರಿಯರು, ಇಸ್ಪೀಟಿನಲ್ಲಿ ಸೋತರೆ ಅಕ್ಕುವನ್ನು ತುಳುವಿನಲ್ಲೇ ಬೈಯುವವರು. ಮೂರನೆಯವನು ಬಿಲ್ಡಿಂಗಿನ ಸೂಪರ್‌ವೈಸರ್ ಶ್ರವಣ್. ದಾವಣಗೆರೆಯಿಂದ ಬಂದು ಮೂರು ತಿಂಗಳಾಗಿತ್ತು. ಕುಂಞಿಯೇ ಕಳ್ಳ ಎಂದು ಕಂಪನಿಗೆ ಬರೆದವನು ಅವನೇ.

"ಖಾಲಿ ಮನೆ ಮೂರಿದ್ದಾಗ ಕಳ್ಳ ಸ್ವೀಡಲ್‌ನ ಮನೆಯನ್ನು ಬಿಟ್ಟು ಅಜ್ಜಿ ಇರುವ ಮನೆಗೆ ಬಂದದ್ದು ಯಾಕೆ?" ಎಂದು ಫೆಲ್ಸಿ ಬಾಯಿ ಕೇಳಿದರು. ಸ್ವೀಡಲ್‌ನ ಸೂಟ್‌ಕೇಸನ್ನು ಕೆಳಗಿಳಿಸಿದ್ದು ಕುಂಞಿ, ಏರ್‌ಪೋರ್ಟಿಗೆ ಬಿಟ್ಟದ್ದು ನೆವಿಲ್.

ಫೆಲ್ಸಿ ಬಾಯಿ ಎದ್ದು ಕಾರಿಡಾರಿಗೆ ನಡೆದರು, ಹಿಂದೆಯೇ ಅಶ್ಮಿತಾ. ಫೋನು ಹಿಡಿದು ಒಂದೊಂದೇ ಬಾಗಿಲ ಮುಂದೆ ನಿಂತು, ಅಲ್ಲಿ ಯಾವ ವೈಫೈ ಜೋರಾಗಿ ಸಿಗುತ್ತದೆಂದು ನೋಡಿದರು. ರಜೆಗೆ ಹೊರಡುವ ಮುಂಚೆ ವೈಫೈಗೆ ಹೊಸ ಹೆಸರಿಡುವುದು ಆ ವರ್ಷ ಮಹಡಿಗೆ ಹತ್ತಿದ್ದ ಹುಚ್ಚು. ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ. ಥಾಮಸ್ ಮನೆಯದು 'ಥಾಮಸ್ ರಜೆಯಲ್ಲಿ'. ಶರ್ವಿನ್ ಮನೆಯದು 'ಊರಿಗೆ ಹೋಗಿದ್ದೇವೆ'. ಸ್ವೀಡಲ್ ಮನೆಯದು 'ಗಾಂವಾಕ್ ಗೆಲ್ಯಾಂವ್'. ಅಜ್ಜಿ ಬಂದ ಖುಷಿಗೆ ಅಶ್ಮಿತಾ ತನ್ನ ಮನೆಯದಕ್ಕೆ ಇಟ್ಟದ್ದು 'ಅಕ್ಕು ಇಲ್ಲದ ವೈಫೈ'.

ಕೊನೆಯದನ್ನು ಓದಿ ಫೆಲ್ಸಿ ಬಾಯಿ ಗೋಡೆಗೊರಗಿ ನಕ್ಕರು. "ಕಳ್ಳನನ್ನು ನೀನೇ ಹಿಡಿದಿದ್ದಿ ಮಾರಾಯ್ತಿ. ನಿನಗೇ ಗೊತ್ತಿಲ್ಲ ಅಷ್ಟೆ."

ಸಂಜೆ ಅವರ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಕಂಪನಿಯ ಮ್ಯಾನೇಜರ್ ಖೈರುನ್ನಿಸ ಕೂಡ ಬಂದಿದ್ದರು. ಅಶ್ಮಿತಾ ಎಲ್ಲರಿಗೂ ಬಜೆ ಹಂಚಿದಳು. ಫೆಲ್ಸಿ ಬಾಯಿ ಫೋನನ್ನು ಮೊದಲು ಶ್ರವಣ್‌ಗೆ ಕೊಟ್ಟು, 'ಅಕ್ಕು ಇಲ್ಲದ ವೈಫೈ' ಎಂಬುದರ ಅರ್ಥವೇನೆಂದು ಕೇಳಿದರು.

"ಇದ್ರಾಗೆ ಏನೈತ್ರಿ ಮೇಡಂ? ಅಕ್ಕು ಅನ್ನೋರು ಮನ್ಯಾಗಿಲ್ಲ ಅಂತ."

ನೆವಿಲ್ ಬಾಯಲ್ಲಿದ್ದ ಬಜೆ ನುಂಗಲಾರದೆ ಕೆಮ್ಮಿದರು. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಕುಂಞಿಯೂ ನಕ್ಕುಬಿಟ್ಟರು.

"ತುಳುವಿನಲ್ಲಿ ಇಲ್ಲ್ ಅಂದರೆ ಮನೆ, ಮಗಾ," ಎಂದರು ಅಕ್ಕು. "ಇಲ್ಲದ ಅಂದರೆ ಮನೆಯ. ಅಕ್ಕುವಿನ ಮನೆಯ ವೈಫೈ ಅಂತ ಬರೆದದ್ದು."

ಆಮೇಲೆ ಫೆಲ್ಸಿ ಬಾಯಿ ಒಂದೊಂದಾಗಿ ಬಿಡಿಸಿ ಹೇಳಿದರು. ಕಳ್ಳ ಬಾಗಿಲ ಮುಂದೆ ನಿಂತು ವೈಫೈ ಹೆಸರು ಓದಿ ಮನೆ ಆರಿಸುತ್ತಿದ್ದ. ಕನ್ನಡದಲ್ಲಿ ಊರಿಗೆ ಹೋದೆವೆಂದು ಸಾರಿದ ಎರಡೂ ಮನೆ ದೋಚಿದ. ಅದನ್ನೇ ಕೊಂಕಣಿಯಲ್ಲಿ ಸಾರಿದ ಸ್ವೀಡಲ್ ಮನೆಯ ಹೆಸರು ಅವನಿಗೆ ಅರ್ಥವಾಗಲಿಲ್ಲ. ತುಳುವನ್ನು ಕನ್ನಡವೆಂದು ಓದಿ, ಅಜ್ಜಿ ಇದ್ದ ಮನೆಗೆ ನುಗ್ಗಿದ. ಕುಂಞಿಗೂ ನೆವಿಲ್‌ಗೂ ತುಳು ಬರುತ್ತದೆ. ಯಾರು ಮನೆಯಲ್ಲಿದ್ದಾರೆ, ಯಾರಿಲ್ಲ ಎಂಬುದಕ್ಕೆ ಅವರಿಗೆ ವೈಫೈ ಬೇಕಾಗಿಯೇ ಇಲ್ಲ. ಕೀ ಸಿಗುವವರಲ್ಲಿ ಬರೀ ಕನ್ನಡ ಬರುವವನು ಒಬ್ಬನೇ.

"ಕನ್ನಡ ಓದಿದ್ದು ತಪ್ಪೇನ್ರಿ?" ಎಂದ ಶ್ರವಣ್.

"ಅದು ತಪ್ಪಲ್ಲ. ಕ್ಯಾಮೆರಾ ರಿಪೇರಿಗೆ ಬರೆದಿದ್ದೇನೆ ಅಂತ ದಿನಾ ಹೇಳ್ತಿದ್ದಿಯಲ್ಲ, ಅದನ್ನು ಇವರ ಮುಂದೆ ಹೇಳು."

ಅಂಥ ದೂರೇ ಬಂದಿಲ್ಲವೆಂದು ಖೈರುನ್ನಿಸ ಹೇಳಿದರು. ಮತ್ತೆ ಅವನ ಆಫೀಸಿನ ಡ್ರಾಯರಿನ ಕೀ ಕೇಳಿದರು. ಶ್ರವಣ್‌ನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಪೊಲೀಸರು ಬಂದು ತೆರೆದಾಗ ಬಳೆಗಳು ಟಿಶ್ಯೂ ಪೇಪರಿನಲ್ಲಿ ಬೆಚ್ಚಗೆ ಮಲಗಿದ್ದವು.

ಕೀಗೊಂಚಲನ್ನು ಖೈರುನ್ನಿಸ ತಾವೇ ಕುಂಞಿಯ ಕೈಗಿಟ್ಟು, ನಾಳೆ ಎಂದಿನಂತೆ ಡ್ಯೂಟಿಗೆ ಬರಬೇಕೆಂದರು. ಕುಂಞಿ ಬಾಲ್ಕನಿಗೆ ಹೋಗಿ ಊರಿಗೆ ಫೋನು ಹಚ್ಚಿದರು. ಕೆಲಸ ಉಳಿಯಿತೆಂದು ಹೆಂಡತಿ ಆಚುಮ್ಮಳಿಗೆ ಎರಡೆರಡು ಸಲ ಹೇಳಿದ್ದು ಒಳಗಿನ ತನಕ ಕೇಳಿಸಿತು. ಆಮೇಲೆ ಬಹಳ ಹೊತ್ತು ಆ ಕಡೆಯದ್ದೇ ಮಾತು. ಒಳಗೆ ಬಂದವರ ಮುಖ ಸಪ್ಪಗಾಗಿತ್ತು.

"ಎಂತಾಯ್ತು ಕುಂಞಿಕ್ಕ? ಅವರಿಗೆ ಖುಷಿ ಆಗ್ಲಿಲ್ವಾ?" ಎಂದಳು ಅಶ್ಮಿತಾ.

"ಖುಷಿಯೇ ಮಗಳೇ. ನಾನು ಬರ್ತೇನೆ ಅಂತ ಹುಂಜ ಕೊಯ್ದು ಆಗಿದೆಯಂತೆ. ಈಗ ಅಳಿಯನನ್ನು ಊಟಕ್ಕೆ ಕರೀತಾಳಂತೆ."