ಚೊಂಬಿನ ತಳಕ್ಕೆ ಹಲಸಿನ ಮೇಣ

"ಅಯ್ಯಯ್ಯೋ... ಸುಟ್ಟೋಯ್ತು!"

ಹೆಣ್ಣು ನೋಡಲು ಬಂದಿದ್ದ ಮಾದಸ್ವಾಮಿ ಚಾಪೆಯಿಂದ ಚಂಗನೆ ಎದ್ದ. ಕೈಯಲ್ಲಿದ್ದ ಹಿತ್ತಾಳೆ ಚೊಂಬಿನ ತಳದಿಂದ ಬಿಸಿ ಹಾಲು ಅವನ ಹೊಸ ಪಂಚೆಯ ಮೇಲೆ ಸುರಿಯುತ್ತಿತ್ತು.

ಕಂಬದ ಮರೆಯಲ್ಲಿದ್ದ ಹುಡುಗಿ ಶಿವರತ್ನ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ತೂತಿಗೆ ಹಲಸಿನ ಮೇಣ ಕಾಯಿಸಿ ಮೆತ್ತಿದ್ದವಳು ಅವಳೇ!

ಬೆಸುಗೆಯವನು ಕೊಳ್ಳೇಗಾಲದಿಂದ ಅಪರೂಪಕ್ಕೆ ಬರುತ್ತಿದ್ದ ಆ ಕಾಲದಲ್ಲಿ, ಅಜ್ಜೀಪುರದ ಸೋರುವ ಪಾತ್ರೆಗೆಲ್ಲ ಅದೇ ಮದ್ದು. ತಣ್ಣೀರಿಗಾದರೆ ವರ್ಷಗಟ್ಟಲೆ ತಡೆಯುತ್ತದೆ. ಬಿಸಿ ತಗುಲಿದರೆ ಕರಗಿ ಕೈಕೊಡುತ್ತದೆ. ಅವ್ವ ಸೋಮಮ್ಮನಿಗೆ ಆ ಗಡಿಬಿಡಿಯಲ್ಲಿ ಅದೆಲ್ಲಿ ನೆನಪು? ಬಂದವರ ಮುಂದೆ ಮರ್ಯಾದೆ ಇರಲೆಂದು ಫಳಫಳ ಹೊಳೆಯುವ ಆ ಚೊಂಬಿಗೇ ಹಾಲು ಹುಯ್ದಿದ್ದಳು.

ರತ್ನ ನೋಡಿದ್ದಳು. 'ಅವ್ವಾ, ಅದು ಬ್ಯಾಡ' ಎಂಬ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಗಂಡಿನ ಕಡೆಯವರೆದುರು ಹುಡುಗಿ ತುಟಿ ಬಿಚ್ಚುವುದುಂಟೇ!

ಮಾದಸ್ವಾಮಿ ಹೆಗಲ ಟವಲನ್ನು ಸೊಂಟಕ್ಕೆ ಸುತ್ತಿಕೊಂಡು ಹೊರಟೇಬಿಟ್ಟ. ತಾಂಬೂಲ ಮುಟ್ಟಲಿಲ್ಲ, ತಿರುಗಿಯೂ ನೋಡಲಿಲ್ಲ.

"ಯಳಂದೂರ್ಗೋಗಿ ಏಳ್ ಕಳುಸ್ತೀವಿ ಕಣವ್ವ" ಎನ್ನುತ್ತ ಅವನಪ್ಪ ಪುಟ್ಟಬಸಪ್ಪ ಹಿಂದೆಯೇ ಓಡಿದರು.

ಹಾಗೆಂದು ಹೋದವರು ಹೇಳಿ ಕಳಿಸಿದ್ದನ್ನು ಯಾರು ಕಂಡಿದ್ದಾರೆ!

ರತ್ನ ಹಿತ್ತಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮಾದಸ್ವಾಮಿ ಬಂದೊಡನೆ ತನ್ನಪ್ಪನ ಕಾಲಿಗೆ ತಾನೇ ನೀರು ಹುಯ್ದದ್ದನ್ನು ಕಿಟಕಿಯಿಂದ ನೋಡಿದ್ದಳು. ಮದುವೆಯಾದರೆ ಇವನನ್ನೇ ಎಂದು ಆಗಲೇ ಮನಸ್ಸು ಕೊಟ್ಟಾಗಿತ್ತು. ಒಂದೇ ಒಂದು ಮಾತು ಆಡಿದ್ದರೆ...

ಮುಂದಿನ ಅಮಾವಾಸ್ಯೆಯ ದಿನ, ಬೆಟ್ಟದ ದೇವರಿಗೆ ಹೋಗುವ ಬಸ್ಸಿನಿಂದ ಮಾದಸ್ವಾಮಿ ಇಳಿದು ಬಂದ. ಒಬ್ಬನೇ! ಕಂಕುಳಲ್ಲೊಂದು ಗಂಟು.

ಸೋಮಮ್ಮ ದಡಬಡಿಸಿ ಹಾಲು ಕಾಯಿಸಲು ಒಳಗೋಡಿದಳು. ಈ ಸಲ ರತ್ನ ಸುಮ್ಮನಿರಲಿಲ್ಲ.

"ಆ ಮೇಣ ಮೆತ್ತಿದ್ದು ನಾನೇ. ಗೊತ್ತಿದ್ರೂವೆ ಬಾಯ್ ಬುಡ್ನಿಲ್ಲ. ತಪ್ಪು ನಂದು... ಅವ್ವನ್ ಮ್ಯಾಲೆ ಕ್ವಾಪ ಮಾಡ್ಕಬ್ಯಾಡಿ."

"ಕ್ವಾಪನಾ?" ಅವನ ಕಿವಿ ಕೆಂಪಾಯಿತು. "ಮೇಣ ಕರಗಿ ಪಂಚೆ ತೊಡೆಗ್ ಅಂಟ್ಕಬುಡ್ತು ಕನಮ್ಮಿ! ನಾಚ್ಕೆ ತಡೀನಾರ್ದೆ ಓಡೋದೆ. ಅಂಗ್ ಓಡೋದೋನ್ನ ನೀನು ಒಪ್ಪೀಯಾ ಅಂತ, ಏಳ್ ಕಳ್ಸಕ್ಕೂ ಎದ್ರಿಕೆ."

ಗಂಟು ಬಿಚ್ಚಿದ. ಅದೇ ಪಂಚೆ! ಮೇಣದ ಕಲೆ ಹಾಗೇ ಇತ್ತು.

"ಎಷ್ಟ್ ಒಗುದ್ರೂ ಓಯ್ತಿಲ್ಲ."

ರತ್ನ ಫಕ್ಕನೆ ನಕ್ಕಳು. "ಸೋಪಿಗೆ ಆ ಕಲೆ ಓದದಾ? ಕೊಬ್ರಿ ಎಣ್ಣೆ ಅಚ್ಚಿ ತಿಕ್ಬೇಕು."

"ನಂಗದು ಬರದಿಲ್ಲ. ನೀನೇ ನಮ್ಮನೆಗ್ ಬಂದು ತಿಕ್ಕೊಡು... ಬತ್ತೀಯಾ?"

ಅವಳು ತಲೆಯಾಡಿಸಿ ಸುಮ್ಮನಾಗಲಿಲ್ಲ, ಬಾಯಿಬಿಟ್ಟೇ ಹೇಳಿದಳು.

"ಬತ್ತೀನಿ."

ಸೋಮಮ್ಮ ಬೇರೊಂದು ಚೊಂಬಿನಲ್ಲಿ ಹಾಲು ತಂದಿಟ್ಟಳು. ಮಾದಸ್ವಾಮಿ ಕೈಚಾಚಿದವನು ಹಾಗೇ ತಡೆದು, ರತ್ನಳ ಮುಖ ನೋಡಿದ.

"ಎದ್ರಬ್ಯಾಡಿ, ಇದ್ಕೆ ತೂತಿಲ್ಲ. ಕುಡೀರಿ."

"ನೀನೇಳುದ್ರೆ ಸರಿ" ಎಂದು ಅವನು ಚೊಂಬು ಎತ್ತಿಕೊಂಡ.