ಗುರುತು: ಕೆಂಪು ಗುಲಾಬಿ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಇಂಡಿ ಠಾಣೆಗೆ ಬಂದ ಫಿರ್ಯಾದು ಕೇಳಿ ಹೆಡ್ ಕಾನ್‌ಸ್ಟೇಬಲ್ ಮಹಮ್ಮದಹನೀಫ ಮೀಸೆಯೊಳಗೇ ನಕ್ಕ. ಮೋಟರ್‌ಸೈಕಲ್ಲು, ಪಂಪ್‌ಸೆಟ್ಟು, ಆಡು, ಹೋತ ಕಳುವಾದದ್ದನ್ನು ಬರೆದು ಬರೆದು ಕೈ ಸೋತ ಠಾಣೆ ಅದು. ಚಹಾ ಕುಡಿಯುವ ಗ್ಲಾಸು ಕಳುವಾಗಿವೆ ಅಂತ ಇದುವರೆಗೆ ಯಾರೂ ಮೆಟ್ಟಿಲು ಹತ್ತಿರಲಿಲ್ಲ.

ಪಿ.ಎಸ್.ಐ. ಸುರೇಖಾ ನಗಲಿಲ್ಲ. ಎದುರಿಗೆ ಕೂತ ನಿವೃತ್ತ ಉಪನ್ಯಾಸಕ ಬಸವಂತರಾಯರ ಮುಖ ಮನೆಯಲ್ಲಿ ಸಾವಾದವರ ಹಾಗೆ ಬಿಳಿಚಿತ್ತು. ಮುದ್ದೇಬಿಹಾಳ, ಸಿಂದಗಿ, ಸೋಲಾಪುರ ಅಂತ ವರ್ಷಗಟ್ಟಲೆ ತಿರುಗಿ ಹಳೆಯ ಚಿತ್ತಾರದ ಗ್ಲಾಸು ಕೂಡಿಹಾಕಿದ ಮನುಷ್ಯ. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು, ಇವರಿಗೆ ಇದು.

“ಯಾವ ಗಿಲಾಸ ಹೋಗ್ಯಾವ್ರಿ?”

“ಕೆಂಪು ಗುಲಾಬಿ ಇದ್ದವು. ಆರು.”

“ಉಳಿದವು?”

“ಹಂಗ ಅದಾವು. ಮುಟ್ಟಿಲ್ಲ.”

ಎಫ್.ಐ.ಆರ್. ದಾಖಲಾಯಿತು. ಬಿ.ಎನ್.ಎಸ್. ಕಲಂ 305, ಮನೆಯೊಳಗಿನ ಕಳವು. ಕಳುವಾದ ಮಾಲಿನ ‘ಗುರುತು’ ಎಂಬಲ್ಲಿ ಸುರೇಖಾ ‘ಕೆಂಪು ಗುಲಾಬಿ’ ಎಂದು ಬರೆದುಕೊಂಡಳು.

ಹನ್ನೆರಡಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಆಯಿತು. ಬಾಗಿಲ ಬೀಗ ಒಡೆದಿರಲಿಲ್ಲ. ಭಾನುವಾರ ರಾಯರು ಬಸವನ ಬಾಗೇವಾಡಿಗೆ ಮದುವೆಗೆ ಹೋಗುವಾಗ ಕೀಲಿಕೈಯನ್ನು ಎಂದಿನಂತೆ ಕರೆಂಟಿನ ಮೀಟರ್ ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಗಾಜಿನ ಕಪಾಟಿನಲ್ಲಿ ಬಂಗಾರದ ಅಂಚಿನವು, ನವಿಲಿನವು, ಮದುಮಕ್ಕಳ ಹೆಸರು ಬರೆಸಿದವು ಮಿರಿಮಿರಿ ಮಿಂಚುತ್ತ ನಿಂತಿದ್ದವು. ನಡುವೆ ಒಂದು ಸಾಲು ಮಾತ್ರ ಖಾಲಿ. ಮಾರಲು ಬಂದವನಾದರೆ ಬಂಗಾರದ ಅಂಚು ಬಿಟ್ಟು ಹೋಗುತ್ತಿದ್ದನೇ?

“ಕೀಲಿಕೈ ಇಡೂ ಜಾಗಾ ಯಾರಿಗೆ ಗೊತ್ತು?”

“ಕೆಲಸದಾಕಿಗೆ. ಆಕಿ ನಮ್ಮ ಕೂಡ ಮದುವಿಗೆ ಬಂದಿದ್ಲು. ಮತ್ತ ನನ್ನ ಹಳೇ ಶಿಷ್ಯ ಸುಭಾಸನಿಗೆ. ಅವನ ಮಾತು ಬಿಡ್ರಿ, ಹೆಡ್‌ಮಾಸ್ತರ ಅಂವ. ಹೋದ ವಾರ ಪ್ರಮೋಷನ್ ಆತಂತ ಪೇಢೆ ತಂದಿದ್ದ. ನಾ ಖುಷಿಗೆ ಗುಲಾಬಿ ಗಿಲಾಸಿನ್ಯಾಗ ಚಹಾ ಕೊಟ್ಟೆ. ಹಂಗ ಯಾರಿಗೂ ತಗಿಯಂಗಿಲ್ಲ ನಾ ಅವನ್ನ.”

“ಕುಡದರೇನ್ರಿ ಅವರು?”

“ಇಲ್ಲ. ಹೊಟ್ಟಿ ಸರಿ ಇಲ್ಲಂತ ಎದ್ದು ಹೋದ.”

ಸುರೇಖಾ ಪೆನ್ನು ನಿಲ್ಲಿಸಿದಳು. “ಎಲ್ಲಿಂದ ತಂದಿದ್ರಿ ಅವನ್ನ?”

“ಝಳಕಿಯಿಂದ. ರೋಡ್ ಅಗಲ ಮಾಡೂಮುಂದ ಒಂದು ಹಳೇ ಹೋಟೆಲ್ ಕೆಡವಿದ್ರು. ಅಲ್ಲಿವು.”

ಮಧ್ಯಾಹ್ನ ಎರಡಕ್ಕೆ ಜೀಪು ಝಳಕಿಯಲ್ಲಿತ್ತು. ಕೆಡವಿದ ಹೋಟೆಲಿನ ಮಾಲೀಕನ ಮಗ ರಾವಸಾಬ ಈಗ ಹೈವೇ ಮಗ್ಗುಲಿಗೇ ಧಾಬಾ ನಡೆಸುತ್ತಿದ್ದ. ಹೂವಿನ ಗ್ಲಾಸು ಎಂದಕೂಡಲೇ ಅವನಿಗೆ ನೆನಪಾಯಿತು.

“ನಮ್ಮವ ಅವು. ಹೊರಗ ಕಟ್ಟಿ ಮ್ಯಾಲೆ ಗೂಡಿನ್ಯಾಗ ಇರ್ತಿದ್ವು.”

“ಹೊರಗ ಯಾಕ?”

“ದಲಿತ ಮಂದಿಗ್ರಿ. ಒಳಗಿನವು ಸಾದಾ. ಅದಲುಬದಲು ಆಗಬಾರದಂತ ನಮ್ಮಪ್ಪ ಹೂವಿನವು ತರಿಸಿದ್ದ. ಹೂ ಕಂಡರ ಸಾಕು, ಗೊತ್ತಾಗ್ತಿತ್ತು.” ಅಷ್ಟಕ್ಕೆ ಬಿಡದೆ, “ಖರೇ ಅಂದ್ರ ನಮ್ಮವಕ್ಕಿಂತ ಅವರವ ಚಂದ ಇದ್ವು ಬಿಡ್ರಿ,” ಎಂದು ನಕ್ಕ.

ಸುರೇಖಾಳ ಮೈ ಉರಿಯಿತು. “ನಿಮ್ಮಪ್ಪ ಎಲ್ಲಿ?”

“ತೀರಿಕೊಂಡು ಭಾಳ ವರ್ಷ ಆತ್ರಿ.”

ಮಾಲೀಕ ಮಣ್ಣಿನ ಕೆಳಗೆ, ಹೋಟೆಲು ಡಾಂಬರಿನ ಕೆಳಗೆ. ಗುನ್ನೆ ದಾಖಲಿಸುವುದಾದರೂ ಯಾರ ಮೇಲೆ? ಗ್ಲಾಸು ಕದ್ದವನಿಗೆ ಕಲಮಿದೆ, ಆ ಗ್ಲಾಸಿನಲ್ಲಿ ಕುಡಿಸಿದವನನ್ನು ಈಗ ಯಾವ ಕಲಮಿನಲ್ಲಿ ಹಿಡಿದು ತರುವುದು? ಅವಳು ಜೀಪು ಹತ್ತಿದಳು.

“ಸುಭಾಸ ಸರ್ ಹುಟ್ಟಿದ್ದೂ ಇದ ಊರಾಗ್ರಿ ಮೇಡಂ,” ಎಂದ ಹನೀಫ. ಬೆಳಗಿನ ನಗು ಅವನ ಮುಖದಲ್ಲಿರಲಿಲ್ಲ.

ಸಂಜೆ ಐದಕ್ಕೆ ಇಂಡಿಯ ಮನೆಯಲ್ಲಿ ಸುಭಾಸ ಇವರನ್ನೇ ಕಾಯುತ್ತಿದ್ದವನ ಹಾಗೆ ಎದ್ದು ನಿಂತ. ಗೋಡೆಯ ಮೇಲೆ ಬುದ್ಧನ ಪಟ, ಮಂಚದ ಮೇಲೆ ಮುದುಕಿ ತಾಯಿ ಹುಲಿಗೆವ್ವ. ಒಂದು ಮಾತೂ ಕೇಳುವ ಮೊದಲೇ ಅವನು ಮಂಚದ ಕೆಳಗಿನಿಂದ ಬಟ್ಟೆಯ ಚೀಲ ಎಳೆದು ಮುಂದಿಟ್ಟ. ಒಳಗೆ ಗಾಜಿನ ಚೂರು ಸದ್ದು ಮಾಡಿದವು.

“ಒಡದೇನ್ರಿ. ಚೆಲ್ಲಿದ್ರ ಯಾರ ಕಾಲಿಗರ ಚುಚ್ಚತಾವಂತ ಇಟ್ಟೇನಿ.”

“ಬಸವಂತರಾಯರಿಗೆ ಹೇಳಿದ್ರ ಅವರ ತಗದು ಹಾಕ್ತಿದ್ರಲ್ರಿ ಸರ್,” ಎಂದಳು ಸುರೇಖಾ.

“ಯಾವ ಬಾಯಿಲೆ ಹೇಳಲಿ? ಅವರು ಮಾನ ಅಂತ ಕೊಟ್ಟಾರ.”

“ಕುಡದ ಮ್ಯಾಲೆ ನಾನ ತೊಳದು ಬೋರಲ ಹಾಕ್ತಿದ್ದೆನವ್ವಾ ಅವನ್ನ,” ಎಂದಳು ಹುಲಿಗೆವ್ವ ಮಂಚದಿಂದ. “ಅವಾಗ ಇಂವ ಇಷ್ಟುದ್ದ ಇದ್ದ.”

ಸುಭಾಸ ನೆಲ ನೋಡುತ್ತ ಮಾತಾಡಿದ. “ಸಣ್ಣಾಂವ ಇದ್ದಾಗ ನನಗ ತಿಳೀತಿರಲಿಲ್ಲರಿ. ಒಳಗಿನವರಿಗೆಲ್ಲ ಸಾದಾ, ನಮಗಷ್ಟ ಹೂವಿಂದು. ನಾವ ದೊಡ್ಡವರು ಅಂತ ಹಿಗ್ಗತಿದ್ದೆ. ಸಾಲ್ಯಾಗ ಒಮ್ಮೆ ಹಂಗ ಹೇಳಿದೆ. ಎಲ್ಲಾರೂ ನಕ್ಕರು. ಅವತ್ತ ತಿಳೀತು.” ಚೀಲದ ಬಾಯಿ ಮುಚ್ಚುತ್ತ, “ಮೊನ್ನಿ ಸರ್ ಅದನ್ನ ಕೈಯಾಗ ಇಟ್ಟಾಗ, ಹಳೇದು ನೆನಪ ಆಗೂಕಿಂತ ಮೊದಲ, ಸಣ್ಣಾಂವ ಇದ್ದಾಗಿನ ಅದ ಹಿಗ್ಗು ಬಂತ್ರಿ. ಅದನ್ನ ತಡಕೊಳ್ಳಾಕ ಆಗಲಿಲ್ಲ,” ಎಂದ.

ಅವನನ್ನು ಠಾಣೆಗೆ ಕರೆತಂದ ಮೇಲೂ ಬಂಧನದ ಮೆಮೋ ಮುಟ್ಟಲು ಸುರೇಖಾಳಿಗೆ ಮನಸ್ಸು ಬರಲಿಲ್ಲ.

“ಇನ್ನೊಮ್ಮೆ ಹಿಂಗ ಮಾಡೂದಿಲ್ಲಂತ ಒಂದು ಮಾತು ಬರದು ಕೊಡ್ರಿ ಸರ್. ನೋಟಿಸ್ ಕೊಟ್ಟು ಮನಿಗೆ ಕಳಸ್ತೇನಿ. ಎರಡ ದಿನ ಒಳಗಿದ್ರ ಸಸ್ಪೆಂಡ್ ಆಗ್ತೀರಿ. ಹೆಡ್‌ಮಾಸ್ತರಕಿ ಹೋಗ್ತೈತಿ.”

“ಆ ಹೋಟೆಲಿನ ಹೂವಿನ ಗಿಲಾಸ ಇನ್ನಷ್ಟ ಸಿಂದಗ್ಯಾಗ ಒಬ್ಬರ ಶೋಕೇಸಿನ್ಯಾಗ ಅದಾವಂತ್ರಿ. ರಾಯರ ಹೇಳಿದ್ರು.”

“ಅವನ್ನ ಮರತಬಿಡ್ರಿ.”

“ಮರಿಯಾಕ ಆಗೂದಿಲ್ಲ. ಸುಳ್ಳ ಬರದು ಕೊಡಾಕೂ ಆಗೂದಿಲ್ಲ ಮೇಡಂ. ನಾ ಸಾಲಿ ಮಾಸ್ತರ.”

ಅವಳು ಇನ್ನೆರಡು ಸಲ ಕೇಳಿದಳು. ಕೈಮುಗಿಯುವುದೊಂದು ಬಾಕಿ ಇತ್ತು. ಅವನು ಒಲ್ಲೆನೆಂದು ತಲೆ ಅಲ್ಲಾಡಿಸಿದ.

ಏಳು ಗಂಟೆಗೆ ಸುದ್ದಿ ತಿಳಿದ ಬಸವಂತರಾಯರು ಏದುಸಿರು ಬಿಡುತ್ತ ಬಂದರು. “ನನ್ನ ಫಿರ್ಯಾದು ಹರದು ಹಾಕ್ರಿ,” ಎಂದರು.

“ಎಫ್.ಐ.ಆರ್. ಕೋರ್ಟಿಗೆ ಹೋಗೇತ್ರಿ. ಹರಿಯಾಕ ಬರೂದಿಲ್ಲ.”

ರಾಯರು ಸುಭಾಸನ ಮುಂದೆ ಹೋಗಿ ನಿಂತರು. “ಚಂದ ಅದಾವಂತ ತಂದಿದ್ದೆನೋ ಸುಭಾಸ,” ಎಂದರು.

“ಚಂದನ ಇದ್ವು ಸರ್,” ಎಂದ ಸುಭಾಸ.

ಏಳು ನಲವತ್ತಕ್ಕೆ ಬಂಧನವಾಯಿತು. ತಾಯಿಗೆ ಹನೀಫ ಫೋನ್ ಮಾಡಿ ತಿಳಿಸಿದ. ಆಮೇಲೆ ಜಪ್ತಿ ಪಂಚನಾಮೆ. ಚೂರುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಅರಗು ಹಚ್ಚಿದರು. ಕೇಸು ಮುಗಿಯುವವರೆಗೆ ಅವನ್ನು ಒಂದೂ ಕಳೆಯದಂತೆ ಜೋಪಾನ ಮಾಡುವುದು ಇನ್ನು ಠಾಣೆಯ ಜವಾಬ್ದಾರಿ. ಒಡೆದರೂ ಸುಭಾಸನಿಗೆ ಅವುಗಳಿಂದ ಬಿಡುಗಡೆ ಸಿಗಲಿಲ್ಲ.

ಸಹಿ ಮಾಡುವ ಮೊದಲು ಸುಭಾಸ ಕಾಗದವನ್ನು ಮಾಸ್ತರಿಕೆಯ ಅಭ್ಯಾಸಬಲದಿಂದ ಮೇಲಿಂದ ಕೆಳಗೆ ಓದಿದ. ಒಂದು ಕಡೆ ಬೆರಳು ನಿಂತಿತು.

“ಏನರ ತಪ್ಪಾಗೇತೇನ್ರಿ?” ಎಂದು ಕೇಳಿದಳು ಸುರೇಖಾ.

“ಇಲ್ರಿ. ಗುರುತು, ಕೆಂಪು ಗುಲಾಬಿ. ಬರೋಬರಿ ಬರದೀರಿ,” ಎಂದು ಅವನು ಅದರ ಕೆಳಗೆ ಸಹಿ ಮಾಡಿದ.