ವಿಭಾ ಹೇಳಿದ ರೇಟು

'ನಿಮ್ಮ ಚಿತ್ರಕ್ಕೆ ಮುನ್ನೂರು ರೂಪಾಯಿ ಕೇಳೋದು ಅನ್ಯಾಯ ಮೇಡಂ.'

ಆರ್ಕುಟ್‌ನಲ್ಲಿ, ವಿಭಾಳ ಪುಟದ ಮೇಲೆ ಊರೆಲ್ಲ ಓದುವಂತೆ, ಮುನೀಂದ್ರ ಎಂಬುವನೊಬ್ಬ ಹೀಗೆ ಬರೆದುಹೋಗಿದ್ದ. ಕೆ.ಆರ್. ಪುರದ ಸೈಬರ್ ಕೆಫೆಯಲ್ಲಿ ಕೂತು ಓದಿದ ವಿಭಾಳ ಕಿವಿ ಬಿಸಿಯಾಯಿತು. ಫೋಟೋ ನೋಡಿ ಪೆನ್ಸಿಲ್ಲಿನಲ್ಲಿ ಮುಖ ಬಿಡಿಸಿಕೊಡುವುದು ಅವಳ ಕೆಲಸ. ಮದುವೆಗೆ ಉಡುಗೊರೆ ಕೊಡುವವರು, ತೀರಿಹೋದ ಅಜ್ಜನ ನೆನಪಿಗೆ ಬೇಕೆನ್ನುವವರು ಇಮೇಲಿನಲ್ಲಿ ಫೋಟೋ ಕಳಿಸುತ್ತಿದ್ದರು. ಒಂದೊಂದು ಮುಖಕ್ಕೂ ಎಷ್ಟೋ ಸಂಜೆಗಳು ಹಿಡಿಯುತ್ತಿದ್ದವು. ಅದಕ್ಕೆ ಮುನ್ನೂರು ಜಾಸ್ತಿಯಂತೆ.

'ಅನ್ಯಾಯ ಅನ್ನಿಸಿದ್ರೆ ಗೋಡೆಗೆ ಕ್ಯಾಲೆಂಡರ್ ನೇತುಹಾಕ್ಕೊಳ್ಳಿ, ಪುಕ್ಕಟೆ ಸಿಗುತ್ತೆ' ಎಂದು ಟೈಪ್ ಮಾಡಿ ಎದ್ದು ಬಂದಳು.

ಮಾರನೆಯ ದಿನ ಶಿವಾಜಿನಗರದಲ್ಲಿ ಮಂಜೂರ್ ಭಾಯಿಯ ಫ್ರೇಮ್ ಅಂಗಡಿಗೆ ಹೋದಾಗಲೂ ಆ ಕೋಪ ಇಳಿದಿರಲಿಲ್ಲ. ಬಿಡಿಸಿದ ಹೊಸ ಚಿತ್ರವನ್ನು ಕೌಂಟರಿನ ಮೇಲಿಟ್ಟು ಶುರುಮಾಡಿದಳು.

"ಯಾರೋ ಮುನೀಂದ್ರ ಅಂತೆ ಭಾಯ್. ನನ್ನ ರೇಟು ಅನ್ಯಾಯ ಅಂತಾನೆ. ಅವನಿಗೆ ಪೆನ್ಸಿಲ್ ಹಿಡ್ಯೋಕಾದ್ರೂ ಬರುತ್ತೋ ಇಲ್ವೋ."

ಮಂಜೂರ್ ಗಾಜು ಒರೆಸುವುದನ್ನು ನಿಲ್ಲಿಸಿದ. ಅವನ ಕಣ್ಣು ಅವಳ ಭುಜದಾಚೆ ಹೋಗಿ, ಮುಜುಗರದಿಂದ ಹಿಂದಿರುಗಿತು.

"ಸ್ವಲ್ಪ ಬರುತ್ತೆ" ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದಳು. ತೋಳು ಮಡಚಿದ ಚೆಕ್ಸ್ ಶರ್ಟು, ಕಂಕುಳಲ್ಲಿ ಕಾಗದ ಸುತ್ತಿದ ಚಿತ್ರ, ಬೆರಳ ತುದಿಗೆ ಇದ್ದಿಲಿನ ಮಸಿ. ನಗು ಹೊರಗೆ ಬಾರದಂತೆ ಕೆಳತುಟಿ ಕಚ್ಚಿಕೊಂಡಿದ್ದ. ಆದರೆ ಕಣ್ಣನ್ನು ಕಚ್ಚಿಕೊಳ್ಳುವುದು ಹೇಗೆ? ಅಲ್ಲಿ ನಗು ಚೆಲ್ಲಾಡುತ್ತಿತ್ತು.

"ನಾನೇ ಮುನೀಂದ್ರ. ಕೆಳಗೆ ಇನ್ನೊಂದು ಸಾಲು ಬರೆದಿದ್ದೆ, ನೀವು ಅಷ್ಟರಲ್ಲೇ ಎದ್ದು ಹೋದ್ರಿ ಅನ್ಸುತ್ತೆ. ಮುನ್ನೂರು ತುಂಬಾ ಕಮ್ಮಿ ಅಂತ."

"ಕಮ್ಮಿನಾ?"

"ಅನ್ಯಾಯ ಆಗ್ತಿರೋದು ನಿಮಗೆ ಅಂದೆ. ನನಗೂ ಸ್ವಲ್ಪ. ನಾನು ಸಾವಿರ ತಗೋತೀನಿ. ಗಿರಾಕಿಗಳು ನಿಮ್ಮ ಪೇಜ್ ತೋರಿಸಿ, ಇವ್ರು ಮುನ್ನೂರಕ್ಕೆ ಮಾಡ್ತಾರಲ್ಲ, ನಿಮಗೇನ್ರೀ ಅಂತಾರೆ."

ವಿಭಾಳಿಗೆ ನಾಚಿಕೆಯಾಯಿತು. ಸೋಲಲು ಮಾತ್ರ ಮನಸ್ಸಿಲ್ಲ. "ಅಂದ್ರೆ ನಿಮ್ಮ ವ್ಯಾಪಾರ ನಡೀಲಿ ಅಂತ ನಾನು ರೇಟ್ ಜಾಸ್ತಿ ಮಾಡ್ಬೇಕು."

ಅವನು ಕೌಂಟರಿನ ಮೇಲಿದ್ದ ಅವಳ ಚಿತ್ರದ ಮೇಲೆ ಬಗ್ಗಿದ್ದ. ಮದುಮಗಳೊಬ್ಬಳ ಮುಖ, ಕೆನ್ನೆಯ ಬಳಿ ಜಾರಿದ ಕೂದಲು.

"ಇದು ನನಗೆ ಬರಲ್ಲ" ಎಂದ, ಮೆಲ್ಲಗೆ. "ಈ ಕೂದಲು. ಗಾಳಿಗೆ ಈಗ ತಾನೇ ಬಿದ್ದಂಗಿದೆ. ಇದನ್ನ ಮುನ್ನೂರಕ್ಕೆ ಕೊಡ್ತಾರಲ್ಲ ಅಂತ ಹೊಟ್ಟೆ ಉರೀತು, ಅದಕ್ಕೆ ಬರೆದೆ."

ಅವಳು ಅವನ ಕಂಕುಳಿನ ಚಿತ್ರಕ್ಕೆ ಕೈಚಾಚಿದಳು. ಕಾಗದ ಬಿಚ್ಚಿದಾಗ ಅವನ ಅಜ್ಜಿ ಮಾರಕ್ಕ ಕಂಡಳು. ಎಲೆ ಅಡಿಕೆ ತುಂಬಿ ಉಬ್ಬಿದ ದವಡೆ, ಈಗ ಬೈಯುತ್ತಾಳೆ ಎನ್ನಿಸುವ ಕಣ್ಣು. ವಿಭಾ ಕೋಪ ಮರೆತು ಅದನ್ನೇ ನೋಡಿದಳು. ತಲೆಯೆತ್ತಿದಾಗ ಅವನು ಚಿತ್ರವನ್ನಲ್ಲ, ಚಿತ್ರ ನೋಡುತ್ತಿದ್ದ ಅವಳನ್ನು ನೋಡುತ್ತಿದ್ದ.

"ಹೊರಗೆ ಹೋಗಿ ಚಾಯ್ ಕುಡ್ಕೊಂಡು ಜಗಳ ಮಾಡಿ" ಎಂದ ಮಂಜೂರ್. "ನನ್ನ ಗಿರಾಕಿಗೆ ನಿಲ್ಲೋಕೆ ಜಾಗ ಇಲ್ಲ."

ಆ ಚಹಾ ಮುಂದೆ ಹಲಸೂರಿನ ದರ್ಶಿನಿಯ ಬೈ-ಟು ಕಾಫಿಯಾಯಿತು. ಭಾನುವಾರ ಬಂದರೆ ವಿಭಾ ಮುಂಜಾನೆಯೇ ಎದ್ದು ಸಲ್ವಾರ್ ಇಸ್ತ್ರಿ ಮಾಡುತ್ತಿದ್ದಳು. ಅಮ್ಮ ಸೀತಮ್ಮ ಕೇಳಿದರೆ, ಡ್ರಾಯಿಂಗ್ ಪೇಪರ್ ತರೋಕೆ ಹೋಗ್ತಿದೀನಿ ಎನ್ನುತ್ತಿದ್ದಳು. ಹಾಲಿನ ನೊರೆ ಅವನ ಮೀಸೆಗೆ ಅಂಟುತ್ತಿತ್ತು. ಒರೆಸಿಕೊಳ್ಳಿ ಎಂದು ಹೇಳದೆ, ಕಾಫಿ ಮುಗಿಯುವವರೆಗೂ ನೋಡಿ ಆಮೇಲೆ ಹೇಳುವುದು ಅವಳ ಸುಖ.

ಒಂದು ಭಾನುವಾರ ಕೆರೆಯ ಪಕ್ಕ ನಡೆಯುತ್ತ ಅವನು ಮತ್ತೆ ರೇಟಿನ ಮಾತು ತೆಗೆದ. ಕಮ್ಮಿ ಕೊಡುವವರಿಗೆ ಆಗಲ್ಲ ಅಂತ ಹೇಳಿಬಿಡಬೇಕು ಎಂದ.

"ನಿಮಗೆ ಹೇಳೋಕೆ ಸುಲಭ" ವಿಭಾ ನಿಂತಳು. "ದೊಡ್ಡನೆಕ್ಕುಂದಿಯಲ್ಲಿ ನಿಮ್ಮಪ್ಪನ ಬಾಡಿಗೆ ಮನೆಗಳಿವೆ. ಆರ್ಡರ್ ಬರದಿದ್ರೂ ಊಟ ಬರುತ್ತೆ. ನಮ್ಮಪ್ಪ ಮೇ ತಿಂಗಳಿಗೆ ರಿಟೈರ್ ಆಗ್ತಾರೆ. ದೂರವಾಣಿನಗರದ ಕ್ವಾರ್ಟರ್ಸ್ ಖಾಲಿ ಮಾಡ್ಬೇಕು. ಅವರು ತುಮಕೂರಿಗೆ ಹೋಗ್ತಿದಾರೆ. ಪಿ.ಜಿ.ಯಲ್ಲಿ ಇರೋಷ್ಟು ದುಡೀದಿದ್ರೆ ನಾನೂ ಹೋಗ್ಬೇಕು. ಬಂದ ಗಿರಾಕಿನ ಆಗಲ್ಲ ಅಂತ ಹೇಗೆ ಕಳಿಸ್ಲಿ?"

ಅವನು ವಾದಿಸುತ್ತಾನೆ ಎಂದುಕೊಂಡಿದ್ದಳು. ಅವನು ಕೆರೆಯ ಕಂಬಿಗೆ ಒರಗಿ ನಿಂತ.

"ನಿಜ" ಎಂದ. "ನಾನು ಹಂಗೆ ಯೋಚಿಸೇ ಇರ್ಲಿಲ್ಲ." ಸ್ವಲ್ಪ ತಡೆದು, "ತುಮಕೂರಿಗಾ?" ಎಂದ. ಆ ಒಂದು ಪದದಲ್ಲಿ ಅವನ ದನಿ ಬಿದ್ದುಹೋದದ್ದು ಅವಳಿಗೆ ಮನೆಯವರೆಗೂ ಕೇಳಿಸುತ್ತಿತ್ತು.

ಏಪ್ರಿಲ್ ಮೊದಲ ವಾರ ದೊಡ್ಡ ಕೆಲಸವೊಂದು ಬಂತು. ದೊಮ್ಮಲೂರಿನಲ್ಲಿ ಆಫೀಸಿದ್ದ, ವೆಬ್‌ಸೈಟಿನಲ್ಲಿ ಉಡುಗೊರೆ ಮಾರುವ ಕಂಪನಿ. ಅವರ ಕ್ಲೈಂಟ್ ಕಂಪನಿಯೊಂದರ ವಾರ್ಷಿಕೋತ್ಸವಕ್ಕೆ ಅರವತ್ತು ನೌಕರರ ಚಿತ್ರ ಬೇಕಿತ್ತು. ಉಡುಗೊರೆ ಕಂಪನಿಯ ಮ್ಯಾನೇಜರ್ ವಿಕ್ರಮ್ ಇಮೇಲಿನಲ್ಲಿ ಬರೆದಿದ್ದ: ಮುನೀಂದ್ರ ಇನ್ನೂರೈವತ್ತಕ್ಕೆ ಒಪ್ಪಿದ್ದಾರೆ, ನೀವು ಇನ್ನೂರಕ್ಕೆ ಮಾಡಿದರೆ ಎಲ್ಲ ನಿಮಗೇ.

ವಿಭಾ ಪರದೆಯನ್ನು ನೋಡುತ್ತ ಕೂತಳು. ಸಾವಿರಕ್ಕೆ ಕಮ್ಮಿ ಮಾಡಬೇಡಿ ಎಂದು ಪಾಠ ಹೇಳಿದವನು ಹೀಗೆ ಮಾಡಿದನಲ್ಲ! ಕೆಫೆಯಿಂದ ಹೊರಬಂದು, ಬಿಸಿಲಲ್ಲಿ ಸುಮ್ಮನೆ ಅಡ್ಡಾಡಿ, ಆಮೇಲೆ ಫೋನ್ ಮಾಡಿದಳು.

"ಇನ್ನೂರೈವತ್ತಕ್ಕೆ ಒಪ್ಕೊಂಡ್ರಂತೆ. ಕಂಗ್ರಾಟ್ಸ್."

"ಯಾರು ಒಪ್ಪಿದ್ದು? ನೀವು ಇನ್ನೂರಕ್ಕೆ ಒಪ್ಪಿದೀರಿ ಅಂತ ನನಗೆ ಮೇಲ್ ಬಂದಿದೆ."

ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು.

"ನಂಬಿದ್ರಾ?" ಎಂದಳು.

"ಇಲ್ಲ. ಒಪ್ಪಿದ್ರೆ ಮೊದ್ಲು ನನಗೇ ಹೇಳಿ ಜಗಳ ಆಡ್ತಿದ್ರಿ."

ವಿಭಾಳಿಗೆ ಅಳು, ನಗು ಎರಡೂ ಬಂದವು. "ನಾನು ಅರ್ಧ ಗಂಟೆ ನಂಬಿದ್ದೆ."

"ಅರ್ಧ ಗಂಟೆ ಪರ್ವಾಗಿಲ್ಲ. ಬನ್ನಿ, ಇಬ್ರೂ ಒಟ್ಟಿಗೆ ಹೋಗೋಣ. ಹಂಚ್ಕೊಂಡು ಮಾಡ್ತೀವಿ, ಒಂದೇ ರೇಟು, ಸಾವಿರ ಅನ್ನೋಣ."

ಮಾರನೆಯ ಮಧ್ಯಾಹ್ನ ಇಬ್ಬರೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತಿರುವುದನ್ನು ಕಂಡು ವಿಕ್ರಮ್ ಬಾಗಿಲಲ್ಲೇ ನಿಂತ. ಇಬ್ಬರಿಗೂ ಅವನು ಕಳಿಸಿದ್ದ ಮೇಲ್‌ಗಳ ಪ್ರಿಂಟು ಮೇಜಿನ ಮೇಲಿತ್ತು.

"ಕಮ್ಯುನಿಕೇಶನ್ ಗ್ಯಾಪ್ ಆಗಿದೆ" ಎಂದ, ಟೈ ಸರಿಮಾಡಿಕೊಳ್ಳುತ್ತ. "ಇರ್ಲಿ ಬಿಡಿ. ಎಷ್ಟು ಎಕ್ಸ್‌ಪೆಕ್ಟ್ ಮಾಡ್ತಿದೀರ? ನೀವು ಹವ್ಯಾಸಕ್ಕೆ ಮಾಡೋರಲ್ವಾ, ಸ್ವಲ್ಪ ನೋಡಿ ಹೇಳಿ."

ಮುನೀಂದ್ರ ತನ್ನ ನೀರಿನ ಲೋಟವನ್ನು ವಿಭಾಳ ಕಡೆ ಸರಿಸಿದ. ನೀವೇ ಹೇಳಿ ಎನ್ನುವಂತೆ ಒಮ್ಮೆ ನೋಡಿದ, ಅಷ್ಟೆ.

"ಒಂದು ಮುಖಕ್ಕೆ ಸಾವಿರದ ಐನೂರು" ಎಂದಳು ವಿಭಾ. "ಅರ್ಧ ಮುಂಗಡ. ಇಬ್ರಿಗೂ ಅದೇ ರೇಟು. ಚಿತ್ರದ ಕೆಳಗೆ ನಮ್ಮ ಸಹಿ ಇರುತ್ತೆ."

ವಿಕ್ರಮ್ ಯೋಚಿಸಿ ಹೇಳುತ್ತೇನೆ ಎಂದ. ಇಬ್ಬರೂ ಗಂಭೀರವಾಗಿ ಎದ್ದು, ಗಂಭೀರವಾಗಿ ಮೆಟ್ಟಿಲಿಳಿದು ರಸ್ತೆಗೆ ಬಂದರು.

"ಸಾವಿರ ಅಂತ ತಾನೆ ಮಾತಾಡ್ಕೊಂಡಿದ್ದು?"

"ಹವ್ಯಾಸ ಅಂದ್ನಲ್ಲ, ಕೋಪ ಬಂತು."

ಅವನು ನಗಲು ಶುರುಮಾಡಿದ. ಅವಳೂ ನಕ್ಕಳು. ದೊಮ್ಮಲೂರು ಫ್ಲೈಓವರ್ ಕೆಳಗೆ ಆಟೋದವರು ತಿರುಗಿ ನೋಡುವಷ್ಟು ನಕ್ಕರು. ಕೆಲಸ ಕೈತಪ್ಪಿರಬಹುದು. ಆದರೂ ಹಿಂದೆಂದಾದರೂ ಎದೆ ಹೀಗೆ ಹಾರಾಡಿದ್ದು ಅವಳಿಗೆ ನೆನಪಿರಲಿಲ್ಲ.

ಬಸ್ಸು ಇಂದಿರಾನಗರ ದಾಟುವಾಗ ಫೋನ್ ಬಂತು. ಬಜೆಟ್ ಸಾಲುವುದಿಲ್ಲ, ಆರುನೂರಕ್ಕೆ ಮಾಡಿ ಎಂದ ವಿಕ್ರಮ್. ಆರುನೂರು, ಅರವತ್ತು ಮುಖ. ಒಪ್ಪಿದರೆ ತುಮಕೂರಿನ ಚಿಂತೆ ಇವತ್ತೇ ಮುಗಿಯುತ್ತಿತ್ತು. ಕಂಬಿ ಹಿಡಿದು ನಿಂತಿದ್ದ ವಿಭಾ, ಫೋನಿಗೆ ಕಿವಿಗೊಟ್ಟಿದ್ದ ಮುನೀಂದ್ರನನ್ನು ನೋಡಿದಳು.

"ನಿಮಗೆ ಯಾವುದು ಸರಿಯೋ ಅದು" ಎಂದ ಅವನು, ತುಟಿಯಲ್ಲೇ. "ನಾನು ಜೊತೆಗಿರ್ತೀನಿ."

ಅವಳು ಕಣ್ಣು ಮುಚ್ಚಿ ತೆರೆದಳು. "ದುಡ್ಡು ಕಮ್ಮಿ ಇದ್ರೆ ಮುಖ ಕಮ್ಮಿ ಮಾಡಿ ಸರ್. ರೇಟು ಅದೇ."

ಆ ಕಡೆ ಯಾರನ್ನೋ ಕೇಳುವ ಸದ್ದು. ಬಸ್ಸು ಎರಡು ಸ್ಟಾಪ್ ಮುಂದೆ ಹೋಯಿತು. ಆಮೇಲೆ ವಿಕ್ರಮ್ ಹೇಳಿದ: ತುಂಬಾ ವರ್ಷ ಸರ್ವಿಸ್ ಆದ ಇಪ್ಪತ್ತನಾಲ್ಕು ಜನರದ್ದು ಮಾತ್ರ ಮಾಡಿ. ನಾಳೆ ಬಂದು ಮುಂಗಡದ ಚೆಕ್ ತಗೊಳ್ಳಿ.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದಾಗ ಸಂಜೆಯ ಬಿಸಿಲು ಕೆ.ಆರ್. ಪುರದ ತೂಗುಸೇತುವೆಯ ಹಗ್ಗಗಳ ಮೇಲೆ ಹೊಳೆಯುತ್ತಿತ್ತು. ಅವಳ ಬಸ್ಸು ಒಂದು ಕಡೆ, ಅವನದು ಇನ್ನೊಂದು ಕಡೆ. ಕಂಡಕ್ಟರುಗಳ ಕೂಗು, ಹಾರನ್ನು, ಕಡಲೆಕಾಯಿ ಹುರಿಯುವ ವಾಸನೆ. ಇಬ್ಬರೂ ಕದಲಲಿಲ್ಲ.

"ಇನ್ನು ತುಮಕೂರಿಗೆ ಹೋಗಲ್ಲ ತಾನೆ?" ಎಂದ.

"ಬಾಡಿಗೆಗೆ ದಾರಿ ಆಯ್ತು. ಇಲ್ಲೇ ಇರೋಕೆ ಬರೀ ಬಾಡಿಗೆ ಸಾಕಾ?"

ಅವನು ಬಸ್ಸುಗಳ ಕಡೆ ನೋಡಿದ, ಬೆರಳ ಮಸಿ ಉಜ್ಜಿಕೊಂಡ, ಕೊನೆಗೆ ಅವಳ ಕಣ್ಣನ್ನೇ ನೋಡಿದ. ಅವನ ಕಿವಿ ಕೆಂಪಾಗಿತ್ತು.

"ನನಗೋಸ್ಕರ ಇರಿ ವಿಭಾ. ಭಾನುವಾರ ಬರೋವರ್ಗೂ ಕಾಯೋದು ನನ್ನ ಕೈಲಿ ಆಗ್ತಿಲ್ಲ. ಯಾವ ಮುಖ ಬಿಡಿಸೋಕೆ ಕೂತ್ರೂ ನಿಮ್ಮ ಹುಬ್ಬು ಬಂದ್ಬಿಡುತ್ತೆ. ಹೋದ ವಾರ ಒಬ್ರು ಮೇಷ್ಟ್ರಿಗೆ ಬಂದ್ಬಿಟ್ಟಿತ್ತು."

ವಿಭಾ ನಗುತ್ತ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರು ತುಂಬಿದ್ದು ಅವನಿಗೆ ಕಾಣದಿರಲಿ ಎಂದು.

"ಇರಿ ಅಂದ್ರೆ ಇರಲ್ಲ."

"ಮತ್ತೆ?"

"ಇರು ಅನ್ನಬೇಕು."

"ಇರು" ಎಂದ, ಪಿಸುಮಾತಿನಲ್ಲಿ. ಆ ಗದ್ದಲದಲ್ಲೂ ಅದು ಅವಳಿಗೆ ಸ್ಪಷ್ಟವಾಗಿ ಕೇಳಿತು.

"ಇರ್ತೀನಿ" ಎಂದು ಅವನ ಮಸಿ ಬೆರಳುಗಳನ್ನು ಹಿಡಿದುಕೊಂಡಳು. "ಭಾನುವಾರ ಮನೆಗೆ ಬಾ. ಅಪ್ಪನ ಹತ್ರ ಮಾತಾಡು."

"ಏನಂತ?"

"ಮೊದ್ಲು ಕೆಲಸದ ಬಗ್ಗೆ. ಅವರು ಅರ್ಧ ಲೋಟ ಕಾಫಿ ಕುಡಿದ ಮೇಲೆ ನನ್ನ ಬಗ್ಗೆ."